ಕುದುರೆ ನುಂಗಿದ ಅಜ್ಜಿ, ಜ್ಯಾಕ್ ಮನೆಯ ಇಲಿ

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮಕ್ಕ ನನ್ನ ನಾಲ್ಕು ವರ್ಷದ ಮಗಳಿಗೆ ಸಿಮ್ಸ್ ಟಬ್ಯಾಕ್ ಅವರ ಎರಡು ಚಿತ್ರಪುಸ್ತಕ ಕಳಿಸಿದ್ದಾಳೆ. ಒಂದರಲ್ಲಿ ಅಜ್ಜಿಯೊಬ್ಬಳು ನೊಣ ನುಂಗಿ, ಅದನ್ನು ಹಿಡಿಯಲು ಇನ್ನೇನೇನೋ ನುಂಗಿ ಸತ್ತೇ ಹೋಗುತ್ತಾಳೆ. ನಮ್ಮ ಅತ್ತೆ “ಮಕ್ಕಳಿಗೆ ಇದೆಂಥ ಕಥೆ?” ಅಂತಾರೆ. ಇನ್ನೊಂದು ‘ಜ್ಯಾಕ್ ಕಟ್ಟಿದ ಮನೆ’. ಅದನ್ನು ಕನ್ನಡದಲ್ಲಿ ಹೇಳಲು ಹೋದರೆ ಎಲ್ಲ ತಲೆಕೆಳಗು. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಅಜ್ಜಿಯ ವಿಷಯ. ಪಾಪ, ಅವಳು ನೊಣದಿಂದ ಸಾಯುವುದಿಲ್ಲ. ನೊಣ ಹಿಡಿಯಲು ಜೇಡ, ಜೇಡ ಹಿಡಿಯಲು ಹಕ್ಕಿ, ಹಕ್ಕಿಗೆ ಬೆಕ್ಕು, ಹೀಗೇ ನುಂಗುತ್ತಾ ನುಂಗುತ್ತಾ ಕುದುರೆಗೆ ಬರುತ್ತಾಳೆ. ಕುದುರೆ ನುಂಗಿದ ಮೇಲೆ ಇನ್ನೇನು ಉಳಿಯುತ್ತೆ ಹೇಳಿ! ಇದು ಅಸಲಿಗೆ ಒಂದು ಹಾಡು, ಟಬ್ಯಾಕ್ ಅವರದಲ್ಲ, ಅದು ಮೊದಲೇ ಇತ್ತು. 1997ರ ಈ ಪುಸ್ತಕದ ತಮಾಷೆಯೆಲ್ಲ ಇರುವುದು ತೂತಿನಲ್ಲಿ. ಅಜ್ಜಿಯ ಹೊಟ್ಟೆಯ ಜಾಗದಲ್ಲಿ ಪುಟವನ್ನೇ ಕತ್ತರಿಸಿದ್ದಾರೆ, ನುಂಗಿದ್ದೆಲ್ಲ ಒಳಗೆ ಕಾಣುತ್ತೆ, ಪುಟ ತಿರುಗಿಸಿದಂತೆ ತೂತೂ ದೊಡ್ಡದಾಗುತ್ತೆ. ಇದನ್ನು ನೋಡಿ ಅಳುವ ಮಗು ಕಡಿಮೆ, ತೂತಿನೊಳಗೆ ಬೆರಳು ತೂರಿಸುವ ಮಗುವೇ ಜಾಸ್ತಿ. ಕೊನೆಯಲ್ಲಿ ನೀತಿಪಾಠವೂ ಇದೆ: ಕುದುರೆಯನ್ನು ಯಾವತ್ತೂ ನುಂಗಬೇಡಿ. ಅತ್ತೆಯವರಿಗೆ ಅದನ್ನೇ ಮೊದಲು ಓದಿ ಹೇಳಿ.

ಆಗಲೂ ಒಪ್ಪದಿದ್ದರೆ, ಲೂಸಿಲ್ ಕೊಲಾಂಡ್ರೊ ಬರೆದ ಇನ್ನೊಬ್ಬ ಅಜ್ಜಿ ಇದ್ದಾಳೆ. ಅವಳು ಹಿಮ, ಇದ್ದಿಲು, ಟೋಪಿ ಎಲ್ಲ ನುಂಗಿ, ಬಿಕ್ಕಳಿಕೆ ಬಂದು ಹಿಮದ ಗೊಂಬೆಯನ್ನೇ ಹೊರಹಾಕುತ್ತಾಳೆ. ಸಾವಿಲ್ಲ. ಆದರೆ ನನಗೆ ಕುದುರೆ ನುಂಗಿದವಳೇ ಇಷ್ಟ.

ಜ್ಯಾಕ್ ಮನೆ ತುಂಬಾ ಹಳೇ ಇಂಗ್ಲಿಷ್ ಪದ್ಯ, ಪ್ರತಿ ಸಲವೂ ಹೊಸದೊಂದು ಸೇರಿ ಸಾಲು ಉದ್ದವಾಗುತ್ತಾ ಹೋಗುತ್ತೆ. ಅಜ್ಜಿಯ ಪುಸ್ತಕಕ್ಕೆ ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಸಿಕ್ಕಿತ್ತು, ಆ ಗೌರವಕ್ಕೆ ಯಾರ ಹೆಸರಿದೆಯೋ ಆ ಇಂಗ್ಲೆಂಡಿನ ಚಿತ್ರಕಾರ ರಾಂಡಾಲ್ಫ್ ಕಾಲ್ಡೆಕಾಟ್ ಕೂಡ 1878ರಲ್ಲಿ ಈ ಪದ್ಯಕ್ಕೆ ಚಿತ್ರ ಬರೆದಿದ್ದರು. ಇನ್ನು ತಲೆಕೆಳಗಾಗುವ ಮಾತು. ಆಗಲಿ ಬಿಡಿ! ಇಂಗ್ಲಿಷಿನಲ್ಲಿ ಹೊಸ ಪ್ರಾಣಿ ಮೊದಲು ಬರುತ್ತೆ, ಜ್ಯಾಕ್ ಮನೆ ಬಾಲದಲ್ಲಿ. ನಮ್ಮಲ್ಲಿ ಮನೆಯಿಂದ ಶುರುಮಾಡಬೇಕು: “ಜ್ಯಾಕ್ ಕಟ್ಟಿದ ಮನೇಲಿದ್ದ ಕಾಳು ತಿಂದ ಇಲಿಯನ್ನ ಕೊಂದ ಬೆಕ್ಕನ್ನ ಕಾಡಿದ ನಾಯಿಯನ್ನ ಕೊಂಬಲ್ಲಿ ಎತ್ತಿ ಎಸೆದ...” ಇಲ್ಲಿ ನಿಲ್ಲಿಸಿ. ಚಿತ್ರ ಕಣ್ಣೆದುರೇ ಇದೆ, “ಹಸು!” ಅಂತ ಮಗಳೇ ಕಿರುಚುತ್ತಾಳೆ. ಇಂಗ್ಲಿಷಿನಲ್ಲಿ ಈ ಆಟ ಆಡೋಕಾಗಲ್ಲ, ಅಲ್ಲಿ ಹಸುವನ್ನು ನೀವೇ ಮೊದಲು ಹೇಳಿಬಿಟ್ಟಿರುತ್ತೀರಿ. ನಾವು ‘ಒಂದು ಎರಡು ಬಾಳೆಲೆ ಹರಡು’ ಹೇಳುವಾಗ ಸಾಲು ಮುಂದೆ ಮುಂದೆ ಹೋಗುತ್ತೆ, ಹಿಂದಕ್ಕೆ ಬರಲ್ಲ. ಇಲ್ಲಿ ಪ್ರತಿ ಪುಟಕ್ಕೂ ಮತ್ತೆ ಮನೆಯಿಂದ ಹೊರಡಬೇಕು, ಅದಕ್ಕೇ ಉಸಿರು ಕಟ್ಟುತ್ತೆ. ಒಂದೇ ಉಸಿರಿಗೆ ಹೇಳಲು ಹೋಗಿ ಅಮ್ಮ ತಡವರಿಸಿದರೆ ಅದೂ ಮಗಳಿಗೆ ತಮಾಷೆಯೇ.

ಒಂದೇ ಒಂದು ಎಚ್ಚರಿಕೆ. ಹಳೇ ಪದ್ಯದಲ್ಲಿ ಇಲಿ ತಿನ್ನುವುದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನೀವು ಹಾಗೇ ‘ಮಾಲ್ಟ್’ ಅಂದರೆ ಮಗಳು ಜ್ಯಾಕ್ ಮನೇಲಿ ಲೋಟದ ತುಂಬಾ ರಾಗಿ ಮಾಲ್ಟ್ ಇಟ್ಟಿದ್ದರು ಅಂದುಕೊಳ್ಳುತ್ತಾಳೆ. ಸುಮ್ನೆ ಕಾಳು ಅನ್ನಿ, ಇಲಿಯದ್ದೇನೂ ತಕರಾರಿರಲ್ಲ.