ಹಲ್ಲಿನ ಕಂದು ಕಲೆ ಉಜ್ಜಿದರೆ ಹೋಗುವುದಲ್ಲ

ಪಾವಗಡದಲ್ಲಿ ಓದುವ ನಿಮ್ಮ 13 ವರ್ಷದ ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಕ್ಲಾಸಿನವರು ‘ಹಲ್ಲೇ ಉಜ್ಜಲ್ಲ’ ಅಂತಾರೆ, ಪೇಸ್ಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ ಅಕ್ಕಾ. ಸುಣ್ಣದಂಥ ಬಿಳಿ ಗೆರೆ, ಕಂದು ಮಚ್ಚೆ ಅಂದರೆ ಹೆಚ್ಚಾಗಿ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣದ್ದು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತದ್ದು. ಜೋರಾಗಿ ಉಜ್ಜಿದರೆ ಒಸಡು ಸವೆಯುತ್ತದೆ ಅಷ್ಟೇ.

ಈ ವಯಸ್ಸಲ್ಲಿ ಹಲ್ಲು ನೋಡಿಯೇ ಕೊಳಕಿ, ಸೋಮಾರಿ ಅಂತ ತೀರ್ಮಾನಿಸಿಬಿಡುತ್ತಾರೆ. ಕಲೆಗಿಂತ ಅದೇ ಜಾಸ್ತಿ ನೋಯಿಸುವುದು, ಅಲ್ವಾ? ವಿಜ್ಞಾನದ ಟೀಚರ್ ಹತ್ತಿರ ಮಾತಾಡಿ, ಕಾರಣವನ್ನು ಇಡೀ ಕ್ಲಾಸಿಗೇ ಹೇಳಲಿ. ಅವಳ ಹೆಸರೆತ್ತುವುದು ಬೇಡ.

ದಂತವೈದ್ಯರು ತೆಳು ಕಲೆಯನ್ನು ಮೇಲ್ಪದರ ತೀಡಿ ತಿಳಿಯಾಗಿಸುತ್ತಾರೆ, ಗಾಢವಾದದ್ದಕ್ಕೆ ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಲೇಪ ಹಚ್ಚುತ್ತಾರೆ. ಮನೆಯಲ್ಲಿ 8 ವರ್ಷದೊಳಗಿನ ಮಕ್ಕಳಿದ್ದರೆ ಆರ್‌ಒ ನೀರೇ ಕುಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.