ಅರಸೀಕೆರೆಯ ನಟ ಬಾಲಕೃಷ್ಣ ಅವರನ್ನು ಹಾಸನದ ಜನ ಇನ್ನೂ ಯಾಕೆ ನೆನೆಯುತ್ತಾರೆ?

ನಮ್ಮ ಜಿಲ್ಲೆಯವರು ಅನ್ನೋ ಅಭಿಮಾನ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಅವರ ಅಭಿನಯ. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಶುರು ಮಾಡುತ್ತಿದ್ದರು. ಆದರೂ ತೆರೆಯ ಮೇಲೆ ಒಂದು ಕ್ಷಣವೂ ತಡವಾಯಿತು ಅನಿಸುವುದಿಲ್ಲ. ಹಾಸ್ಯಕ್ಕೆ ಟೈಮಿಂಗೇ ಜೀವ ಅಲ್ವಾ? ಇಷ್ಟು ನಗಿಸುವ ಮನುಷ್ಯ ಕುತಂತ್ರಿಯ ಪಾತ್ರ ಮಾಡಿದರೆ ನೋಡುವವರಿಗೆ ಮೈ ಉರಿಯುತ್ತಿತ್ತು! 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ಬಂದಾಗ ಮಾತ್ರ ನಮ್ಮ ಮನೆಯ ಹಿರಿಯರೇ ಅನಿಸುತ್ತಾರೆ. ನನಗೆ ಅದೇ ಅವರ ಅತ್ಯುತ್ತಮ ಪಾತ್ರ. 1960ರಲ್ಲಿ ರಾಜ್‌ಕುಮಾರ್, ನರಸಿಂಹರಾಜು ಜೊತೆ ಸೇರಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಮುಂದೆ ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. 1995ರಲ್ಲಿ ತೀರಿಕೊಂಡರು. ಅವರ ಸಿನಿಮಾ ನೋಡಿಲ್ಲದವರು ರಾಚೂಟಪ್ಪನಿಂದಲೇ ಶುರು ಮಾಡಿ.