ಓದುಗರ ಪ್ರಶ್ನೆ: ರೈಲು ನಿಂತಲ್ಲಿ ಊಟ, ಇಳಿದಲ್ಲಿ ರೂಮು

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಒಂದೇ ವಿಷಯದ ಸುತ್ತ ಇದ್ವು: ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಪ್ರಯಾಣ ಮಾಡೋರು ಎಲ್ಲಿ ಉಣ್ತಿದ್ರು, ಎಲ್ಲಿ ಮಲಗ್ತಿದ್ರು ಅಂತ. ಹಾಗಾಗಿ ಅವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ದಿನಗಟ್ಲೆ ರೈಲಲ್ಲೇ ಹೋಗ್ಬೇಕಿತ್ತಲ್ಲ, ಊಟಕ್ಕೆ ಏನ್ಮಾಡ್ತಿದ್ರು ಸಾರ್? ಡೈನಿಂಗ್ ಕಾರ್, ಅಂದ್ರೆ ರೈಲಲ್ಲೇ ಊಟದ ಬೋಗಿ, ಇರ್ಲಿಲ್ವಾ?

ಉತ್ತರ: ಇತ್ತು, ರೈಲು ಬೋಗಿ ಕಟ್ತಿದ್ದ ಪುಲ್‌ಮನ್ ಕಂಪನಿಯವರು 1868ರಲ್ಲೇ ಡೆಲ್ಮೊನಿಕೊ ಅನ್ನೋ ಹೆಸರಿನ ಡೈನಿಂಗ್ ಕಾರ್ ಓಡಿಸಿದ್ರು, ಆದ್ರೆ ರೈಲ್ವೆಯವರಿಗೆ ಅದು ದುಬಾರಿ ಬಾಬ್ತು, ಅದಕ್ಕೇ ಪಶ್ಚಿಮದ ಕಡೆಯ ಎಷ್ಟೋ ಲೈನುಗಳಲ್ಲಿ ಊಟದ ಹೊತ್ತಿಗೆ ರೈಲನ್ನೇ ಸ್ಟೇಷನ್‌ನಲ್ಲಿ ನಿಲ್ಲಿಸ್ತಿದ್ರು, ಎಲ್ಲರೂ ಇಳಿದು ಓಡ್ಬೇಕು. ಮೊದಮೊದಲು ಈ ಸ್ಟೇಷನ್ ಊಟಕ್ಕೆ ಭಾರೀ ಕೆಟ್ಟ ಹೆಸರು. ದುಡ್ಡು ಮುಂಚೆನೇ ಇಸ್ಕೊಳ್ಳೋದು, ತಟ್ಟೆ ಟೇಬಲ್ಲಿಗೆ ಬರೋ ಹೊತ್ತಿಗೆ ರೈಲಿನ ಗಂಟೆ ಹೊಡೆಯೋದು, ಅದೇ ತಟ್ಟೆಯನ್ನ ಮುಂದಿನ ರೈಲಿನವರಿಗೆ ಇಡ್ತಾರೆ ಅನ್ನೋದು ಪ್ರಯಾಣಿಕರ ದೂರು.

ಇದನ್ನ ಸರಿ ಮಾಡಿದ್ದು ಫ್ರೆಡ್ ಹಾರ್ವಿ. ಲಂಡನ್ನಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವನು, 1876ರಲ್ಲಿ ಕ್ಯಾನ್ಸಸ್‌ನ ಟೊಪೀಕಾ ಸ್ಟೇಷನ್‌ನಲ್ಲಿ ಸಾಂಟಾ ಫೆ ರೈಲ್ವೆಗೋಸ್ಕರ ಊಟದ ಮನೆ ಶುರು ಮಾಡಿದ. 1901ರಲ್ಲಿ ತೀರ್ಕೊಂಡ, ಆಮೇಲೆ ಮಕ್ಕಳು ಅದನ್ನ ಇನ್ನೂ ದೊಡ್ಡದು ಮಾಡಿದ್ರು, 1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ಎಲ್ ತೊವಾರ್ ಹೋಟೆಲ್ ಬಂತು. ಅವನ ಊಟ ರುಚಿಯಾಗಿತ್ತು ಅಂತ ಎಲ್ಲರೂ ಬರೀತಾರೆ, ಇರಬಹುದು, ನನಗೆ ಮಜಾ ಅನ್ಸೋದು ಅವನು ಟೈಮ್ ಹೊಂದಿಸ್ತಿದ್ದ ರೀತಿ. ರೈಲು ಇನ್ನೂ ದಾರೀಲಿ ಇರೋವಾಗ್ಲೇ ಎಷ್ಟು ಜನ ಉಣ್ತಾರೆ ಅಂತ ಸಿಬ್ಬಂದಿ ಎಣಿಸಿ ಮುಂದಿನ ಸ್ಟೇಷನ್‌ಗೆ ಟೆಲಿಗ್ರಾಫ್ ಮಾಡೋರು, ಊರು ಹತ್ರ ಬಂದಾಗ ಇಂಜಿನ್ ಸೀಟಿ, ಪ್ಲಾಟ್‌ಫಾರ್ಮಿನಲ್ಲಿ ಜಾಗಟೆ, ಒಳಗೆ ಹೋಗಿ ಕೂರೋಷ್ಟರಲ್ಲಿ ಮೊದಲನೇ ತಟ್ಟೆ ರೆಡಿ, ಅರ್ಧ ಗಂಟೆ ಆಸುಪಾಸಿನಲ್ಲಿ ಪೂರ್ತಿ ಊಟ ಮುಗಿಸಿ ವಾಪಸ್ ಸೀಟಿಗೆ.

ಬಡಿಸೋಕೆ 1883ರಿಂದ ಹುಡುಗಿಯರನ್ನ ತಗೊಂಡ್ರು. 18ರಿಂದ 30 ವರ್ಷದವರು, ಒಳ್ಳೆ ನಡತೆಯವರು ಬೇಕು ಅಂತ ಪೇಪರಲ್ಲಿ ಜಾಹೀರಾತು. ಕಪ್ಪು ಡ್ರೆಸ್, ಬಿಳಿ ಏಪ್ರನ್, ಇರೋಕೆ ಹಾಸ್ಟೆಲ್, ಅಲ್ಲಿ ಮೇಟ್ರನ್ ಅನ್ನೋ ಮೇಲ್ವಿಚಾರಕಿಯ ಕಣ್ಗಾವಲು, ರಾತ್ರಿ ಇಂತಿಷ್ಟು ಗಂಟೆಗೆ ಒಳಗಿರ್ಬೇಕು. ಕಟ್ಟುನಿಟ್ಟು ಅನ್ನಿ, ಆದ್ರೂ ಮನೆ ಬಿಟ್ಟು ದೂರ ಹೋಗಿ ಸ್ವಂತ ಸಂಬಳ ಎಣಿಸೋ ಅವಕಾಶ ಆಗಿನ ಹಳ್ಳಿ ಹುಡುಗೀರಿಗೆ ಇನ್ನೆಲ್ಲಿತ್ತು. ಇವರದ್ದೊಂದು ಕಪ್-ಸಾಸರ್ ಭಾಷೆ ಇತ್ತು: ಏನು ಕುಡೀತೀರಿ ಅಂತ ಒಬ್ಬಳು ಕೇಳ್ಕೊಂಡು ಕಪ್ಪನ್ನ ಸಾಸರ್ ಮೇಲೆ ನೆಟ್ಟಗೆ ಬಿಟ್ರೆ ಕಾಫಿ, ಮಗುಚಿಟ್ರೆ ಬಿಸಿ ಟೀ, ಮಗುಚಿ ಸಾಸರ್‌ನಿಂದ ದೂರ ಇಟ್ರೆ ಹಾಲು. ಹಿಂದೆ ಬರೋಳು ಬಾಯಿ ಬಿಡದೆ ಸರಿಯಾಗಿ ಸುರಿಯೋಳು, ಗಿರಾಕಿಗೆ ಆಶ್ಚರ್ಯ.

ಪ್ರಶ್ನೆ: ಹಾರ್ವಿ ಊಟದ ಮನೆಗಳಲ್ಲಿ ಕೋಟ್ ಇಲ್ದೆ ಹೋದ್ರೆ ಊಟ ಕೊಡ್ತಿರ್ಲಿಲ್ಲ ಅಂತ ಎಲ್ಲೋ ಓದಿದ್ದೆ, ನಿಜಾನಾ?

ಉತ್ತರ: ನಿಜ, ಡೈನಿಂಗ್ ರೂಮಿಗೆ ಮಾತ್ರ. ಕೋಟಿಲ್ಲದೆ ಬಂದ ಗಂಡಸರಿಗೆ ಅಲ್ಲೇ ಅಲ್ಪಾಕಾ ಉಣ್ಣೆಯ ಕೋಟ್ ಎರವಲು ಕೊಡೋರು, ಅದೂ ಬೇಡ ಅಂದ್ರೆ ಪಕ್ಕದ ಲಂಚ್ ಕೌಂಟರ್‌ನಲ್ಲಿ ಕೂತು ತಿನ್ನಬಹುದಿತ್ತು. ಇದಕ್ಕೂ ಓಕ್ಲಹಾಮಾದಲ್ಲಿ ಕೇಸ್ ಆಗಿ, 1924ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹಾರ್ವಿ ಕಂಪನಿ ಪರ ತೀರ್ಪು ಕೊಡ್ತು!

ಪ್ರಶ್ನೆ: ರೂಮ್ ಬಾಡಿಗೆಯಲ್ಲೇ ಊಟನೂ ಸೇರಿರ್ತಿತ್ತಾ?

ಉತ್ತರ: ಎರಡು ಪದ್ಧತಿ ಇತ್ತು. ಅಮೆರಿಕನ್ ಪ್ಲಾನ್ ಅಂದ್ರೆ ದಿನಕ್ಕಿಷ್ಟು ಅಂತ ಕೊಟ್ರೆ ರೂಮೂ ಊಟಾನೂ ಎರಡೂ, ಉಂಡ್ರೂ ಅಷ್ಟೇ ಬಿಟ್ರೂ ಅಷ್ಟೇ, ಆದ್ರೆ ಊಟದ ಟೈಮಿಗೆ ಅಲ್ಲಿರ್ಬೇಕು. ಯುರೋಪಿಯನ್ ಪ್ಲಾನ್ ಅಂದ್ರೆ ರೂಮಿಗಷ್ಟೇ ದುಡ್ಡು, ಊಟ ಎಲ್ಲಿ ಬೇಕಾದ್ರೂ ಮಾಡ್ಕೊಳ್ಳಿ. ಸ್ಯಾಂಪಲ್ ಪೆಟ್ಟಿಗೆ ಹಿಡ್ಕೊಂಡು ಅಂಗಡಿ ಅಂಗಡಿ ಸುತ್ತೋ ಸೇಲ್ಸ್‌ಮನ್‌ಗೆ ಮಧ್ಯಾಹ್ನ ಊಟಕ್ಕೆ ವಾಪಸ್ ಬರೋದು ಎಲ್ಲಿಂದಾಗ್ಬೇಕು, ಅವನಿಗೆ ಎರಡನೇದೇ ಅನುಕೂಲ, ಪೇಟೆ ಹೋಟೆಲ್‌ಗಳು ಮೆಲ್ಲಗೆ ಆ ಕಡೆ ವಾಲಿದ್ವು. ಆಮೇಲೆ 1920ರಲ್ಲಿ ಪಾನನಿಷೇಧ ಬಂತು, ಬಾರ್ ಲಾಭದ ಮೇಲೆ ನಡೀತಿದ್ದ ಭರ್ಜರಿ ಡೈನಿಂಗ್ ರೂಮುಗಳಿಗೆ ಪೆಟ್ಟು ಬಿತ್ತು, ಎಷ್ಟೋ ಕಡೆ ಅದರ ಜಾಗಕ್ಕೆ ಕಾಫಿ ಶಾಪ್ ಬಂತು.

ಪ್ರಶ್ನೆ: ಅಟ್ಯಾಚ್ಡ್ ಬಾತ್‌ರೂಮ್ ಯಾವಾಗ ಮಾಮೂಲಾಯ್ತು?

ಉತ್ತರ: ಐಷಾರಾಮಿ ಹೋಟೆಲ್‌ಗಳಲ್ಲಿ ಮೊದಲೇ ಇತ್ತು, ಮಿಕ್ಕವರಿಗೆ ರೂಮಲ್ಲಿ ಹೂಜಿ, ಬೇಸಿನ್, ಸ್ನಾನಕ್ಕೆ ವರಾಂಡದ ಕೊನೇಲಿರೋ ಬಚ್ಚಲು, ಅಷ್ಟೇ. ಪೂರ್ತಿ ರೂಮೇ ಸಿಗದ ರಾತ್ರಿಗಳೂ ಇದ್ವು. 1898ರಲ್ಲಿ ವಿಸ್ಕಾನ್ಸಿನ್‌ನ ಬಾಸ್ಕೊಬೆಲ್ ಅನ್ನೋ ಊರಲ್ಲಿ ಹೋಟೆಲ್ ತುಂಬಿದ್ದಕ್ಕೆ ಗುರುತಿಲ್ಲದ ಇಬ್ಬರು ಸೇಲ್ಸ್‌ಮನ್‌ಗಳು ಒಂದೇ ರೂಮ್ ಹಂಚ್ಕೊಂಡ್ರು, ಆ ಪರಿಚಯದಿಂದಲೇ ಮುಂದೆ ಹೋಟೆಲ್ ರೂಮುಗಳಲ್ಲಿ ಬೈಬಲ್ ಇಡೋ ಗಿಡಿಯನ್ಸ್ ಸಂಸ್ಥೆ ಹುಟ್ಟಿದ್ದು.

ಬಾತ್‌ರೂಮ್ ವಿಷಯದಲ್ಲಿ ಹೆಸರು ಹೇಳ್ಬೇಕಾದ್ದು ಎಲ್ಸ್‌ವರ್ತ್ ಸ್ಟ್ಯಾಟ್ಲರ್‌ದು. ಹದಿಮೂರನೇ ವಯಸ್ಸಿಗೆ ಹೋಟೆಲಲ್ಲಿ ಬೆಲ್‌ಬಾಯ್ ಆಗಿ ಪೆಟ್ಟಿಗೆ ಹೊತ್ತವನು, ಗಿರಾಕಿಗೆ ಎಲ್ಲೆಲ್ಲಿ ಕಿರಿಕಿರಿ ಆಗುತ್ತೆ ಅಂತ ಅವನಿಗೆ ಗೊತ್ತಿತ್ತು. 1908ರಲ್ಲಿ ಬಫಲೋ ಊರಲ್ಲಿ 300 ರೂಮಿನ ಹೋಟೆಲ್ ತೆಗೆದು 'ಒಂದೂವರೆ ಡಾಲರ್‌ಗೆ ರೂಮು, ಬಾತ್‌ರೂಮು' ಅಂತ ಸಾರಿದ. ಅಷ್ಟು ಕಮ್ಮಿಗೆ ಹೇಗೆ ಕೊಟ್ಟ ಅಂದ್ರೆ, ಅಕ್ಕಪಕ್ಕದ ಎರಡು ರೂಮಿನ ಬಾತ್‌ರೂಮುಗಳನ್ನ ಬೆನ್ನಿಗೆ ಬೆನ್ನು ಕೂರಿಸಿ, ಎಲ್ಲಾ ಮಹಡಿಗಳಲ್ಲೂ ಅವು ಒಂದರ ಮೇಲೊಂದು ಬರೋ ಹಾಗೆ ಕಟ್ಟಿ, ಮಧ್ಯದ ಒಂದೇ ಕಿಂಡಿಯಲ್ಲಿ ಪೈಪುಗಳನ್ನೆಲ್ಲಾ ಇಳಿಸಿದ, ಪೈಪಿನ ಖರ್ಚೂ ರಿಪೇರಿ ಕಷ್ಟಾನೂ ಎರಡೂ ಇಳೀತು. ಬಾಗಿಲ ಪಕ್ಕದಲ್ಲೇ ಲೈಟ್ ಸ್ವಿಚ್, ಕೈ ಹಿಡಿಯ ಮೇಲ್ಗಡೆ ಕೀಲಿ ತೂತು, ಬೆಳಿಗ್ಗೆ ಪುಕ್ಕಟೆ ಪೇಪರ್, ಇಂಥ ಸಣ್ಣಸಣ್ಣವೂ ಅವನ ಲೆಕ್ಕದಲ್ಲಿದ್ವು. ರಾಜಮಹಾರಾಜರು ಇಳಿಯೋ ಹೋಟೆಲ್‌ಗಳಿಗೆ ಫೋಟೋ ಚೆನ್ನಾಗಿ ಬರುತ್ತೆ, ಆದ್ರೆ ಇವತ್ತಿನ ಸಾಧಾರಣ ರೂಮಿನ ನಕ್ಷೆ ಬಂದಿದ್ದು ಬೆಳಿಗ್ಗೆ ರೈಲು ಹಿಡೀಬೇಕಾದ ಈ ಸೇಲ್ಸ್‌ಮನ್ ಗಿರಾಕಿಯಿಂದ ಅಂತ ನನ್ನ ಅನಿಸಿಕೆ.

ಪ್ರಶ್ನೆ: ಒಬ್ಬಳೇ ಹೆಂಗಸು ಹೋದ್ರೆ ಬಿಡ್ತಿದ್ರಾ?

ಉತ್ತರ: ಕಷ್ಟ ಇತ್ತು ಮೇಡಂ. 1907ರಲ್ಲಿ ನ್ಯೂಯಾರ್ಕಿನ ಹಾಫ್‌ಮನ್ ಹೌಸ್ ಹೋಟೆಲ್‌ನಲ್ಲಿ ಹ್ಯಾರಿಯಟ್ ಸ್ಟಾಂಟನ್ ಬ್ಲಾಚ್ ಅನ್ನೋ ಮತಾಧಿಕಾರ ಹೋರಾಟಗಾರ್ತಿ ಗೆಳತಿ ಜೊತೆ ಊಟಕ್ಕೆ ಹೋದಾಗ, ಗಂಡಸರ ಜೊತೆಯಿಲ್ಲ ಅಂತ ಬಡಿಸೋಕೆ ಒಪ್ಪಲಿಲ್ಲ, ಕೋರ್ಟಿಗೆ ಹೋದ್ರೂ ಬ್ಲಾಚ್ ಅವರೇ ಸೋತ್ರು. ಅದೇ ಊರಲ್ಲಿ ಹೆಂಗಸರಿಗೆ ಅಂತಲೇ 1903ರಲ್ಲಿ ಮಾರ್ಥಾ ವಾಷಿಂಗ್ಟನ್ ಹೋಟೆಲ್ ಶುರುವಾಗಿತ್ತು ಅನ್ನೋದು ಸ್ವಲ್ಪ ಸಮಾಧಾನ. ಕಪ್ಪು ಜನರಿಗಂತೂ ದಕ್ಷಿಣದ ಡೈನಿಂಗ್ ರೂಮುಗಳು ಮುಚ್ಚಿದ ಬಾಗಿಲು, ಉತ್ತರದಲ್ಲೂ ಎಷ್ಟೋ ಕಡೆ ರೂಮ್ ಇಲ್ಲ ಅಂತ ವಾಪಸ್ ಕಳಿಸೋರು, ಹಾಗಾಗಿ ಮನೆಯಿಂದಲೇ ಬುತ್ತಿ ಕಟ್ಕೊಂಡು ಹೊರಡೋರು, ರಾತ್ರಿಗೆ ಪರಿಚಯದವರ ಮನೆ.

ಪ್ರಶ್ನೆ: ಆಗಲೂ ಟಿಪ್ಸ್ ಕಾಟ ಇತ್ತಾ?

ಉತ್ತರ: ಇತ್ತು, ಅದನ್ನ ನಿಲ್ಲಿಸೋಕೆ ಕಾನೂನೇ ಮಾಡಿದ್ರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಮೊದಲು, ಆಮೇಲೆ ಇನ್ನೂ ಕೆಲವು ರಾಜ್ಯಗಳು. ಯಾರೂ ಕೇಳ್ಲಿಲ್ಲ, 1926ರ ಹೊತ್ತಿಗೆ ಅಷ್ಟೂ ಕಾನೂನು ರದ್ದು.